ಎಂಎಂ 540ಗೆ ಮುಂದಿನ ಆಕ್ಸಲ್ ಬೇಕು: ಅದೇ ಹಾಕೋದಾ, ಬೇರೆ ಹುಡುಕೋದಾ?

ಮಳೆಗಾಲದ ಜೀಪು
ಎಲ್ಲರಿಗೂ ನಮಸ್ಕಾರ. ನನ್ನದು 1994ರ ಮಹೀಂದ್ರಾ ಎಂಎಂ 540 ಜೀಪು, ಪ್ಯೂಜೋ ಡೀಸೆಲ್ ಎಂಜಿನ್, ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಹೋಗುತ್ತೆ. ಊರು ಮೂಡಿಗೆರೆ ಹತ್ತಿರ. ಆರು ವರ್ಷದ ಹಿಂದೆ ಇನ್ನೊಂದು ತೋಟದವರಿಂದ ಕೊಂಡಿದ್ದು. ಗೊಬ್ಬರ, ಕಾಫಿ ಚೀಲ, ಆಳುಗಳು, ಮದುವೆಗೆ ಹೋಗುವ ನೆಂಟರು, ಎಲ್ಲದಕ್ಕೂ ಇದೊಂದೇ ಗಾಡಿ.

ಹೋದ ತಿಂಗಳು ಮೋರಿ ಹತ್ತಿರ ಎಡಗಡೆ ಮುಂದಿನ ಚಕ್ರ ಚರಂಡಿಗೆ ಇಳಿಯಿತು. ಫೋರ್ ವೀಲ್ ಲೋ (ನಿಧಾನಕ್ಕೆ ಜಾಸ್ತಿ ಎಳೆಯುವ ಗೇರು) ಹಾಕಿ ಎಳೆದೆ. ಒಳಗೆಲ್ಲೋ 'ಟಣ್' ಅಂತು. ಬಿಚ್ಚಿ ನೋಡಿದರೆ ಎಡಗಡೆ ಬಾಲ್ (ಆಕ್ಸಲ್ ತುದಿಯಲ್ಲಿ ಚಕ್ರ ತಿರುಗಿಸೋಕೆ ಇರುವ ಉರುಟು ಭಾಗ) ಒಳಗಿನ ಜಾಯಿಂಟ್ ಎರಡು ತುಂಡು. ಹೌಸಿಂಗ್ ಪೈಪು ಕಣ್ಣಿಗೆ ಕಾಣುವಷ್ಟು ಸೊಟ್ಟ. ಡಿಫರೆನ್ಶಿಯಲ್ (ತಿರುಗಾಟವನ್ನು ಎರಡು ಚಕ್ರಗಳಿಗೆ ಹಂಚುವ ಗೇರು) ಒಳಗಿನ ದೊಡ್ಡ ಗೇರು ಕ್ರೌನ್, ಅದರ ಎರಡು ಹಲ್ಲು ಚಕ್ಕೆ ಎದ್ದಿವೆ.

ಹಾಸನದಲ್ಲಿ ಒಂದು ಗುಜರಿಯಲ್ಲಿ ಪೂರ್ತಿ ಮುಂದಿನ ಆಕ್ಸಲ್ ಇದೆ, 32,000 ಹೇಳುತ್ತಿದ್ದಾರೆ. ಹಲ್ಲು 47-11 ಅಂತೆ, ಅಂದರೆ ಕ್ರೌನ್ 47, ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್ 11. ನಮ್ಮ ಭಾವನ ಹತ್ತಿರ ಮಾರುತಿ ಜಿಪ್ಸಿಯ ಮುಂದಿನ ಆಕ್ಸಲ್ ಪುಕ್ಕಟೆ ಬಿದ್ದಿದೆ. ನಮ್ಮ ಮೇಸ್ತ್ರಿ ಮಾತ್ರ 'ಕಾಯಿಸಿ ನೆಟ್ಟಗೆ ಮಾಡೋಣ ಅಣ್ಣಾ, ಏನೂ ಆಗಲ್ಲ' ಅನ್ನುತ್ತಾನೆ. ಏನು ಮಾಡಲಿ?

ಗ್ರೀಸ್ ಕೈ
ಕಾಯಿಸಬೇಡಿ. ಕಾಯಿಸಿ ಬಗ್ಗಿಸಿದ ಪೈಪು ಇನ್ನೊಂದು ಗುಂಡಿಗೆ ಅದೇ ಜಾಗದಲ್ಲಿ ಬಗ್ಗುತ್ತೆ. ಪೈಪು ಒಂದು ಕೂದಲೆಳೆ ಸೊಟ್ಟ ಉಳಿದರೂ ಒಳಗಿನ ಶಾಫ್ಟು ಸೀಲನ್ನು ಒಂದೇ ಕಡೆ ಒತ್ತುತ್ತೆ. ಆಮೇಲೆ ಡಿಫರೆನ್ಶಿಯಲ್ ಆಯಿಲ್ಲು ಬಾಲ್ ಒಳಗೆ, ಅಲ್ಲಿಂದ ಬ್ರೇಕ್ ಡ್ರಮ್ಮಿಗೆ. ಬ್ರೇಕ್ ಒತ್ತಿದರೆ ಗಾಡಿ ಒಂದು ಕಡೆಗೆ ಎಳೆಯುತ್ತೆ. ಘಾಟಿಯಲ್ಲಿ ಇದು ಬೇಕಾ?

ಜಿಪ್ಸಿ ಜೀವ
ಪುಕ್ಕಟೆ ಜಿಪ್ಸಿ ಆಕ್ಸಲ್ ಇಟ್ಟುಕೊಂಡು ಗುಜರಿಗೆ 32,000 ಯಾಕೆ ಕೊಡುತ್ತೀರಿ? ಚಕ್ರದ ಬೋಲ್ಟೂ ಒಂದೇ. ಎರಡರದ್ದೂ 5 ಬೋಲ್ಟು, 139.7 ಮಿಲಿಮೀಟರ್. ನಮ್ಮ ಹುಡುಗರು ಜಿಪ್ಸಿ ವೀಲನ್ನು ಜೀಪಿಗೆ ಹಾಕಿ ಓಡಿಸಿದ್ದಾರೆ.

ಕೊಡಗಿನ ಕಮಾಂಡರ್
ಚಪ್ಪಲಿ ಸೈಜು ಒಂದೇ ಅಂತ ಕಾಲು ಬದಲಾಯಿಸಿಕೊಳ್ಳೋಕಾಗುತ್ತಾ ಸ್ವಾಮಿ?

ವೀಲ್ ಬೋಲ್ಟ್ ಹೊಂದುತ್ತೆ, ನಿಜ. ಮಿಕ್ಕಿದ್ದೇನು ಹೊಂದುತ್ತೆ? ಸ್ಪ್ರಿಂಗ್ ಪ್ಲೇಟ್ ಕೂರುವ ಜಾಗದ ಅಂತರ ಬೇರೆ. ಪಿನಿಯನ್ ಫ್ಲ್ಯಾಂಜ್ (ಶಾಫ್ಟು ಜೋಡಿಸುವ ಬಿಲ್ಲೆ) ಬೇರೆ. ಸ್ಟೀರಿಂಗ್ ರಾಡ್ ಕೂರುವ ರೀತಿ ಬೇರೆ. ಜಿಪ್ಸಿ ಅಂದರೆ ಸುಮಾರು ಒಂದು ಟನ್ ತೂಕದ ಪೆಟ್ರೋಲ್ ಗಾಡಿ. ಅದರ ಶಾಫ್ಟಿಗೆ ಡೀಸೆಲ್ ಎಂಜಿನ್ ಕಟ್ಟಿ, ಲೋ ಹಾಕಿ, ಹಿಂದೆ ಹತ್ತು ಮೂಟೆ ಹೇರಿ ಚರಂಡಿಯಿಂದ ಎಳೆದರೆ? ಲೋ ಅಂದರೆ ಎಂಜಿನ್ ಎಳೆತ ಎರಡೂವರೆ ಪಟ್ಟು ಆಗುತ್ತೆ, ಅದೂ ಫಸ್ಟ್ ಗೇರಿನ ಮೇಲೆ. ಇವರದ್ದು ಒರಿಜಿನಲ್ ಜಾಯಿಂಟೇ ಮುರಿದಿದೆ.

ಜಿಪ್ಸಿ ಜೀವ
ಜಿಪ್ಸಿ ಹೋಗುವ ಜಾಗಕ್ಕೆ ನಿಮ್ಮ ಮಹೀಂದ್ರಾ ಕಮಾಂಡರ್ ಜೀಪು ಇಣುಕಿಯೂ ನೋಡಲ್ಲ. ಸೈನ್ಯದವರೇ ದಶಕಗಟ್ಟಲೆ ಇಟ್ಟುಕೊಂಡಿದ್ದರು.

ಕೊಡಗಿನ ಕಮಾಂಡರ್
ಜಿಪ್ಸಿಯನ್ನು ಬೈದವರು ಯಾರು? ಜಿಪ್ಸಿ ಆಕ್ಸಲ್ ಜಿಪ್ಸಿಗೆ ಚೆಂದ ಅಂದೆ, ಅಷ್ಟೇ. ಅದರಲ್ಲೂ ಎರಡು ತರಹ ಇದೆ. 1993ರಲ್ಲಿ ಅಗಲ ಆಕ್ಸಲ್ ಬಂತು, ಮುಂದಿನ ಟ್ರ್ಯಾಕ್ (ಎಡ ಬಲ ಚಕ್ರಗಳ ನಡುವಿನ ಅಂತರ) 1210ರಿಂದ 1300 ಮಿಲಿಮೀಟರ್ ಆಯಿತು. ಭಾವನ ಹತ್ತಿರ ಇರೋದು ಯಾವುದು ಅಂತಲೂ ಇವರು ಹೇಳಿಲ್ಲ.

ಎಫ್‌ಸಿ ಭಯ
ಯಾರೂ ಕಾಗದದ ವಿಷಯ ಎತ್ತುತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ರೂಪ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. 94ರ ಗಾಡಿ ಅಂದರೆ 15 ವರ್ಷ ದಾಟಿ, 5 ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ರಿನೀವಲ್ ನಡೆಯುತ್ತಿರುತ್ತೆ. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರೆ ಜಿಪ್ಸಿ ಆಕ್ಸಲ್‌ಗೆ ಏನು ಹೇಳುತ್ತೀರಿ?

ಗ್ರೀಸ್ ಕೈ
ಬಗ್ಗಿ ನೋಡುವ ಇನ್‌ಸ್ಪೆಕ್ಟರನ್ನು ನಾನಂತೂ ಇನ್ನೂ ನೋಡಿಲ್ಲ 😄 ಆದರೆ ಮಾತು ಸರಿ. ಅದೇ ಗಾಡಿಯ ಆಕ್ಸಲ್ ಹಾಕಿದರೆ ಅದು ರಿಪೇರಿ. ಬೇರೆ ಕಂಪನಿಯದು ಹಾಕಿದರೆ ಮಾರ್ಪಾಡು.

ಸುಮ್ನೆ ಓದುವವನು
ಫೋರ್ ವೀಲ್ ಬೇಕೇ ಬೇಕಾ? ಟೂ ವೀಲ್ ಗಾಡಿಯ ಖಾಲಿ ಆಕ್ಸಲ್ ಹಾಕಿ. ಅಗ್ಗ. ಮುರಿಯೋಕೆ ಒಳಗೆ ಏನೂ ಇರಲ್ಲ.

ಮಳೆಗಾಲದ ಜೀಪು
ಅಣ್ಣಾ, ಜುಲೈನಲ್ಲಿ ಒಂದು ಸಲ ನಮ್ಮ ತೋಟಕ್ಕೆ ಬನ್ನಿ. ಗೇಟಿನಿಂದ ಕಣದವರೆಗೆ ಫೋರ್ ವೀಲ್ ಇಲ್ಲದೆ ಹತ್ತಿಸಿ ತೋರಿಸಿ. ಊಟ ನನ್ನದು, ಜಿಗಣೆ ಫ್ರೀ.

ಹಳೇ ಸ್ಪ್ಯಾನರ್
ತಮ್ಮಾ, ನಾನು ಚಿಕ್ಕಮಗಳೂರು ಕಡೆ ನಲವತ್ತು ವರ್ಷ ಜೀಪಿನ ಕೆಲಸ ಮಾಡಿದವನು. ಈಗ ಮಗ ನೋಡಿಕೊಳ್ಳುತ್ತಾನೆ, ನಾನು ಕುರ್ಚಿ ಹಾಕಿಕೊಂಡು ಬೈಯುತ್ತಾ ಕೂತಿರುತ್ತೇನೆ. ನೀನು ಯಾವ ಆಕ್ಸಲ್ ತರಲಿ ಅಂತ ಕೇಳುತ್ತಿದ್ದೀಯ. ನಿನ್ನ ಗಾಡಿಯಲ್ಲಿ ಈಗ ಏನಿದೆ ಅಂತ ಮೊದಲು ನೋಡಿದ್ದೀಯಾ?

ಡಿಫರೆನ್ಶಿಯಲ್ ಗುಂಡು ಯಾವ ಕಡೆ ಇದೆ ನೋಡು. ಹಳೇ ಅಮೆರಿಕನ್ ಜೀಪು ವಿಲ್ಲಿಸ್ ಕಾಲದಿಂದ ಬಂದ ಗಾಡಿಗಳಲ್ಲಿ ಅದು ಬಲಗಡೆ, ಯಾಕಂದರೆ ಎಳೆತವನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟು ಬಲಗಡೆ ಬರುತ್ತೆ. ಎಡಗಡೆ ಗುಂಡಿನ ಆಕ್ಸಲ್ ಎಷ್ಟು ಗಟ್ಟಿ ಇದ್ದರೂ ನಿನಗೆ ಬೇಡ. ಆಮೇಲೆ ಅಗಲ. ಸಿಜೆ 3ಬಿ ಅನ್ನೋ ಹಳೇ ಜೀಪಿನ ಕಾಲದ ಆಕ್ಸಲ್ ಕಿರಿದು, ಟ್ರ್ಯಾಕ್ 48 ಇಂಚಿನ ಆಸುಪಾಸು, ಬ್ರೇಕ್ ಡ್ರಮ್ 9 ಇಂಚಿಂದು. ನಿನ್ನದು ಅದಕ್ಕಿಂತ ಅಗಲ. ಗುಜರಿಯವನು 'ಎಲ್ಲಾ ಜೀಪಿಗೂ ಒಂದೇ' ಅಂತ ಕಿರಿದನ್ನು ತಲೆಗೆ ಕಟ್ಟುತ್ತಾನೆ. ಟೇಪು ಹಿಡಿದುಕೊಂಡು ಹೋಗು. ಆಕ್ಸಲನ್ನು ಪ್ಲೇಟಿಗೆ ಬಿಗಿಯುವ ಯೂ ಬೋಲ್ಟ್ ಕೂರುವ ಎರಡು ಜಾಗದ ನಡುವಿನ ಅಂತರವನ್ನು ಮೊದಲು ಅಳೆ.

ಎಲ್ಲಕ್ಕಿಂತ ಮುಖ್ಯ, ಹಲ್ಲು. ಬಿಚ್ಚಿದ ಕ್ರೌನ್ ನಿನ್ನ ಕೈಯಲ್ಲೇ ಇದೆಯಲ್ಲ, ಎಣಿಸು.

ಮಳೆಗಾಲದ ಜೀಪು
ಎಣಿಸಿದೆ ಯಜಮಾನರೇ. ಕ್ರೌನ್ 39, ಪಿನಿಯನ್ 8.

ಗ್ರೀಸ್ ಕೈ
ರೇಶಿಯೋ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟು ಎಷ್ಟು ಸುತ್ತು ಅನ್ನೋದು, ಬೇಕಾದರೆ 39ನ್ನು 8ರಿಂದ ಭಾಗಿಸಿ. 4.88. ಗುಜರಿಯಲ್ಲಿ ಇರೋದು 47-11, ಅಂದರೆ 4.27. ಆಗಲ್ಲ, ಬಿಟ್ಟುಬಿಡಿ. ಮುಂದೆ ಒಂದು, ಹಿಂದೆ ಒಂದು ರೇಶಿಯೋ ಇದ್ದರೆ ಫೋರ್ ವೀಲ್ ಹಾಕಿದ ತಕ್ಷಣ ಎರಡೂ ಆಕ್ಸಲ್ ಜಗಳಕ್ಕೆ ಬೀಳುತ್ತವೆ.

ಕೊಡಗಿನ ಕಮಾಂಡರ್
+1. 4.88 ಇರುವ ಆಕ್ಸಲ್ ಹುಡುಕಿ. ಬೆಂಗಳೂರು ಶಿವಾಜಿನಗರ ಗುಜರಿ ಒಂದು ಸುತ್ತು ಹಾಕಿ. ಪಂಜಾಬ್ ಗಡಿಯಲ್ಲಿರುವ ಹರಿಯಾಣದ ಮಂಡಿ ಡಬ್ವಾಲಿಯಿಂದ ಲಾರಿಯಲ್ಲಿ ತರಿಸುವವರೂ ಇದ್ದಾರೆ.

ಶಿರಸಿ ಅಡಿಕೆ
ಡಬ್ವಾಲಿಯಿಂದ ತರಿಸಿದರೆ ಬಣ್ಣ ಹೊಳೆಯುತ್ತಿರುತ್ತೆ. ಒಳಗೆ ಏನಿದೆ ಅಂತ ದೇವರಿಗೇ ಗೊತ್ತು. ನನಗೆ ಬಂದಿದ್ದರಲ್ಲಿ ಒಂದು ಕಡೆ ಒಂದು ತರಹದ ಜಾಯಿಂಟು, ಇನ್ನೊಂದು ಕಡೆ ಇನ್ನೊಂದು. ಎಡಕ್ಕೆ ತಿರುಗಿಸಿದರೆ ಬೆಣ್ಣೆ, ಬಲಕ್ಕೆ ತಿರುಗಿಸಿದರೆ ಸ್ಟೀರಿಂಗು ಕೈಯಲ್ಲೇ ಕುಣಿಯುತ್ತಿತ್ತು. ಎರಡೂ ಕಡೆ ಶಾಫ್ಟು ಎಳೆದು ನೋಡದೆ ದುಡ್ಡು ಕೊಡಬೇಡಿ.

ಕೊಲರಾಡೋ ಕನ್ನಡಿಗ
ಇಲ್ಲಿ ನನ್ನ ಹತ್ತಿರ ಹಳೇ ಚೆರೋಕಿ ಇದೆ. ಯಜಮಾನರು ಹೇಳಿದ 'ಗುಂಡು ಯಾವ ಕಡೆ' ಅನ್ನೋ ಮಾತು ಇಲ್ಲೂ ಹೊಸಬರನ್ನು ಕೆಡವುತ್ತೆ. ಹಳೇ ಸಿಜೆಗಳಲ್ಲಿ ಬಲಗಡೆ, ಚೆರೋಕಿ, ರ‍್ಯಾಂಗ್ಲರ್‌ಗಳಲ್ಲಿ ಎಡಗಡೆ. ಎರಡೂ ಜೀಪೇ. ಆಕ್ಸಲ್ ಹೆಸರು ನೋಡಿ 'ಡಾನಾ 30' ಅಂತ ಕೊಂಡು ಮನೆಗೆ ತಂದು ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ. ನಾನೂ ಅವರಲ್ಲೊಬ್ಬ, ಅದು ಬೇರೆ ಕಥೆ.

ಹಳೇ ಸ್ಪ್ಯಾನರ್
ಗುಜರಿ ಆಕ್ಸಲ್ ಬೇಡ ಅನ್ನೋಕೆ ಅಷ್ಟು ಅವಸರ ಯಾಕೆ? ಮುಂದಿನದು ಎಣಿಸಿದಿರಿ. ಹಿಂದಿನದು ಎಣಿಸಿದವರು ಯಾರು? ಮುರಿದುಹೋದ ಆಕ್ಸಲ್‌ಗೆ ಹೊಸದು ಹೊಂದಬೇಕಾಗಿಲ್ಲ. ಗಾಡಿಯಲ್ಲಿ ಉಳಿದಿರುವ ಹಿಂದಿನದಕ್ಕೆ ಹೊಂದಬೇಕು.

ತಮ್ಮಾ, ಒಂದು ಕೇಳುತ್ತೇನೆ. ಫೋರ್ ವೀಲ್ ಹಾಕಿ ಡಾಂಬರಿಗೆ ಬಂದ ಮೇಲೆ ಲಿವರ್ ವಾಪಸ್ ಬರೋಕೆ ಒದ್ದಾಡುತ್ತಿತ್ತಾ?

ಮಳೆಗಾಲದ ಜೀಪು
ಒದ್ದಾಟ ಅಂದರೆ ಹೇಗೆ! ಕಾಲು ಡ್ಯಾಶ್‌ಬೋರ್ಡಿಗೆ ಕೊಟ್ಟು ಎರಡೂ ಕೈಯಲ್ಲಿ ಎಳೆಯುತ್ತಿದ್ದೆ. ಒಮ್ಮೊಮ್ಮೆ ರಿವರ್ಸ್ ಹೋದರೆ ಬಿಡುತ್ತಿತ್ತು. ಹಳೇ ಗಾಡಿ, ಹಾಗೇ ಇರುತ್ತೆ ಅಂದುಕೊಂಡಿದ್ದೆ.

ಹಳೇ ಸ್ಪ್ಯಾನರ್
ಹಾಗೇ ಇರಲ್ಲ. ಸ್ಪೀಡ್ ಮೀಟರು ಕಡಿಮೆ ತೋರಿಸುತ್ತಿತ್ತಾ?

ಮಳೆಗಾಲದ ಜೀಪು
ಮೀಟರಾ? ಕೇಬಲ್ ಕಿತ್ತು ಯಾವ ಕಾಲವಾಯಿತೋ 🙈

ಗ್ರೀಸ್ ಕೈ
ಓಹೋ, ಇದು ನನಗೆ ಹೊಳೆಯಲೇ ಇಲ್ಲ. ಹಿಂದಿನದನ್ನು ಬಿಚ್ಚದೆ ಎಣಿಸಬಹುದು. ಎರಡೂ ಹಿಂದಿನ ಚಕ್ರ ಎತ್ತಿ, ಒಂದನ್ನು ಒಂದು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟು (ಎಂಜಿನ್ ಕಡೆಯಿಂದ ಆಕ್ಸಲ್‌ಗೆ ಬರುವ ಉದ್ದ ಶಾಫ್ಟು) ಎಷ್ಟು ಸುತ್ತು ತಿರುಗುತ್ತೆ ನೋಡಿ. ಅದೇ ರೇಶಿಯೋ.

ಹಳೇ ಸ್ಪ್ಯಾನರ್
ತಪ್ಪು. ಎರಡೂ ಎತ್ತಿ ಒಂದನ್ನು ತಿರುಗಿಸಿದರೆ ಇನ್ನೊಂದು ತನ್ನ ಪಾಡಿಗೆ ಉಲ್ಟಾ ತಿರುಗುತ್ತೆ, ಶಾಫ್ಟು ಅಲ್ಲಾಡದೆ ನಿಲ್ಲಬಹುದು. ಒಂದೇ ಚಕ್ರ ಎತ್ತಬೇಕು. ಇನ್ನೊಂದು ನೆಲದ ಮೇಲೆ ಇರಲಿ. ಆಗ ಎತ್ತಿದ ಚಕ್ರ ಎರಡು ಸುತ್ತು ತಿರುಗಿದರೆ ಕ್ರೌನ್ ಒಂದು ಸುತ್ತು.

ಗ್ರೀಸ್ ಕೈ
ಸರಿ ಯಜಮಾನರೇ, ತಪ್ಪು ಒಪ್ಪಿಕೊಂಡೆ.

ಹಳೇ ಸ್ಪ್ಯಾನರ್
ಎರಡೇ ಸುತ್ತಿಗೆ ನಿಲ್ಲಿಸಬೇಡ, ಕಣ್ಣು ಮೋಸ ಮಾಡುತ್ತೆ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಡು, ಮುಂದೆ ಹಿಂದೆ ಕಲ್ಲು ಕೊಡು. ಜ್ಯಾಕ್ ಒಂದನ್ನೇ ನಂಬಬೇಡ, ಕೆಳಗೆ ಮರದ ದಿಮ್ಮಿ ಇಡು. ಟೈರಿಗೆ ಒಂದು, ಶಾಫ್ಟಿಗೆ ಒಂದು ಸುಣ್ಣದ ಗುರುತು ಹಾಕು. ಚಕ್ರ 20 ಸುತ್ತು ತಿರುಗಿಸು. ಒಬ್ಬ ಚಕ್ರ ಎಣಿಸಲಿ, ಇನ್ನೊಬ್ಬ ಕೆಳಗೆ ಮಲಗಿ ಶಾಫ್ಟು ಎಣಿಸಲಿ. 54ರ ಹತ್ತಿರ ಬಂದರೆ 5.38. 49ರ ಹತ್ತಿರ ಬಂದರೆ 4.88. 43 ಮುಟ್ಟೋಕೆ ಸ್ವಲ್ಪ ಕಡಿಮೆ ಬಂದರೆ 4.27.

ಸುಮ್ನೆ ಓದುವವನು
ನಾನು ಪಾಪ್‌ಕಾರ್ನ್ ತರುತ್ತೇನೆ, ಯಾರೂ ಎಲ್ಲೂ ಹೋಗಬೇಡಿ.

ಎಫ್‌ಸಿ ಭಯ
ಅಷ್ಟರಲ್ಲಿ ಒಂದು ಪ್ರಶ್ನೆ. ಈ ವರ್ಷ ಮೂಡಿಗೆರೆ ಕಡೆ ಮೆಣಸು ಹೇಗಿದೆ? ನಮ್ಮಲ್ಲಿ ಸೊರಗು ರೋಗ ಬಂದು ಅರ್ಧ ಬಳ್ಳಿ ಹೋಯಿತು.

ಶಿರಸಿ ಅಡಿಕೆ
ನಮ್ಮಲ್ಲೂ ಅದೇ ಗೋಳು. ಬೋರ್ಡೋ ಔಷಧಿ ಹೊಡೆಯೋಕೆ ಮಳೆ ಬಿಡಬೇಕಲ್ಲ. ಅದಕ್ಕೆ ಬೇರೆ ಕಡೆ ಮಾತಾಡೋಣ, ಇಲ್ಲಿ ಜೀಪು ಎತ್ತಿ ನಿಲ್ಲಿಸಿದ್ದಾರೆ.

ಮಳೆಗಾಲದ ಜೀಪು
ಎಣಿಸಿದೆವು. ಚಕ್ರ ನಾನು ತಿರುಗಿಸಿದೆ, ಮಗಳು ಕೆಳಗೆ ಮಲಗಿ ಶಾಫ್ಟು ಎಣಿಸಿದಳು. ಮೊದಲ ಸಲ ನಡುವೆ ನಗು ಬಂದು ಲೆಕ್ಕ ತಪ್ಪಿತು. ಎರಡನೇ ಸಲ 42 ಮುಕ್ಕಾಲು. ನಂಬಿಕೆ ಬರದೆ ಮೂರನೇ ಸಲ ಮೇಸ್ತ್ರಿ ಹತ್ತಿರ ಎಣಿಸಿಸಿದೆ. ಮತ್ತೆ 42 ಮುಕ್ಕಾಲು.

ಕೊಡಗಿನ ಕಮಾಂಡರ್
ಅಯ್ಯೋ ದೇವರೇ. ಹಿಂದೆ 4.27, ಮುಂದೆ 4.88!

ಗ್ರೀಸ್ ಕೈ
ಲೆಕ್ಕ ಹಾಕಿದೆ. ಹಿಂದಿನ ಚಕ್ರ 8 ಸುತ್ತು ತಿರುಗುವಾಗ ಮುಂದಿನದು 7 ಸುತ್ತು ತಿರುಗೋಕೆ ನೋಡುತ್ತೆ. ನಿಮ್ಮ ಟೈರಿನ ಸುತ್ತಳತೆ ಏಳು, ಏಳೂವರೆ ಅಡಿ ಇರಬಹುದು. ಅಂದರೆ ಪ್ರತಿ 60 ಅಡಿಗೆ ಒಂದು ಸುತ್ತಿನಷ್ಟು ಎಲ್ಲೋ ಒಂದು ಚಕ್ರ ಉಜ್ಜಲೇಬೇಕು. ಕೆಸರಲ್ಲಿ ಜಾರಿ ತಪ್ಪಿಸಿಕೊಳ್ಳುತ್ತೆ. ಕಲ್ಲು ಹಾಸಿದ ರಸ್ತೆ, ಮೋರಿಯ ಕಾಂಕ್ರೀಟು ಸಿಕ್ಕಿದರೆ ಜಾರೋಕೆ ಜಾಗವಿಲ್ಲ. ಎಲ್ಲಾ ತಿರುಚೂ ಜಾಯಿಂಟಿನಲ್ಲಿ ಕೂರುತ್ತೆ. ಆರು ವರ್ಷ ಅದು ತಡೆದುಕೊಂಡಿದ್ದೇ ದೊಡ್ಡದು.

ಜಿಪ್ಸಿ ಜೀವ
ಅಂದರೆ ಚರಂಡಿ ಸುಮ್ನೆ ನೆಪ.

ಹಳೇ ಸ್ಪ್ಯಾನರ್
ಪೈಪು ಬಗ್ಗಿದ್ದು ಚರಂಡಿಯಿಂದ. ಜಾಯಿಂಟು ಮೊದಲೇ ಸೋತಿತ್ತು. ಮುರಿದ ಜಾಗ ನೋಡು ತಮ್ಮಾ. ಹೊಸದಾಗಿ ಮುರಿದದ್ದು ಬೆಳ್ಳಗೆ ಕಾಳು ಕಾಳಾಗಿ ಕಾಣುತ್ತೆ. ಹಳೇ ಬಿರುಕು ಕಪ್ಪಗೆ, ಸವೆದು ನುಣ್ಣಗಿರುತ್ತೆ.

ಮಳೆಗಾಲದ ಜೀಪು
ಅರ್ಧಕ್ಕಿಂತ ಜಾಸ್ತಿ ಕಪ್ಪು. ಅಂಚಿನಲ್ಲಿ ಮಾತ್ರ ಬಿಳಿ.

ಗಾಡಿ ಕೊಟ್ಟ ತೋಟದ ಹಳೇ ಡ್ರೈವರಿಗೆ ಫೋನ್ ಮಾಡಿದೆ. 'ಹೌದು ಸಾರ್, ಹಿಂದಿನದು ಒಂದು ಸಲ ಹೋಗಿತ್ತು, ಯಾವುದೋ ಕಮಾಂಡರಿಂದು ಹಾಕಿಸಿದ್ವಿ. ಆಮೇಲೆ ರೋಡಲ್ಲಿ ಭಾರೀ ಸ್ಪೀಡ್ ಹೋಗ್ತಿತ್ತು' ಅಂದ. ಖುಷಿಯಾಗಿಯೇ ಹೇಳಿದ.

ಗ್ರೀಸ್ ಕೈ
ಹಾಗಾದರೆ ನಾನು ಬೇಡ ಅಂದ ಹಾಸನದ 47-11 ಆಕ್ಸಲ್ಲೇ ನಿಮಗೆ ಸರಿ! ನನ್ನ ಮಾತು ಕೇಳಿ 39-8 ಹುಡುಕಿ ತಂದಿದ್ದರೆ ಇನ್ನೊಂದು ಜಾಯಿಂಟ್ ಹೋಗುತ್ತಿತ್ತು. ಕ್ಷಮೆ ಇರಲಿ.

ಕೊಡಗಿನ ಕಮಾಂಡರ್
ನಾನು ಒಪ್ಪಲ್ಲ. ತೋಟದ ಗಾಡಿಗೆ 4.88 ಚೆನ್ನ. ನಿಧಾನ ಎಳೆತ ಜಾಸ್ತಿ ಸಿಗುತ್ತೆ. ಮುಂದೆ 4.88 ಹುಡುಕಿ, ಹಿಂದಿನದಕ್ಕೂ 4.88 ಕ್ರೌನ್ ಪಿನಿಯನ್ ಸೆಟ್ ಹಾಕಿಸಿ.

ಗ್ರೀಸ್ ಕೈ
ಹಿಂದಿನ ಕ್ರೌನ್ ಪಿನಿಯನ್ ಬದಲಾಯಿಸೋದು ಬಲ್ಬ್ ಬದಲಾಯಿಸಿದ ಹಾಗಲ್ಲ. ಶಿಮ್ (ಅಂತರ ಸರಿಪಡಿಸುವ ತೆಳು ತಗಡು) ಕೂರಿಸಬೇಕು, ಹಲ್ಲಿಗೆ ಬಣ್ಣ ಹಚ್ಚಿ ಗುರುತು ಎಲ್ಲಿ ಬೀಳುತ್ತೆ ನೋಡಬೇಕು, ಹಲ್ಲುಗಳ ನಡುವಿನ ಸಡಿಲ ಅಳೆಯಬೇಕು. ಸರಿಯಾಗಿ ಮಾಡುವವರು ಊರಿಗೊಬ್ಬರು ಸಿಕ್ಕರೆ ಪುಣ್ಯ. ಆರು ವರ್ಷದಿಂದ ಎಳೆಯುತ್ತಿದ್ದದ್ದು 4.27 ಹಿಂದಿನದೇ ತಾನೇ? ಅದು ಸಾಕಾಗಿತ್ತಲ್ಲ?

ಮಳೆಗಾಲದ ಜೀಪು
ಸಾಕಾಗಿತ್ತು. ಅದಕ್ಕೇ ಹಾಸನಕ್ಕೆ ಹೊರಟೆ. ಯಜಮಾನರೇ, ಅಲ್ಲಿ ಏನೇನು ನೋಡಲಿ?

ಹಳೇ ಸ್ಪ್ಯಾನರ್
ಬಾಯಿಮಾತು ನಂಬಬೇಡ, ಡಿಫರೆನ್ಶಿಯಲ್ ಗುಂಡಿನ ಮುಚ್ಚಳ ಬಿಚ್ಚಿಸಿ ಹಲ್ಲು ನೀನೇ ಎಣಿಸು. ಬಿಚ್ಚಲ್ಲ ಅಂದರೆ ವಾಪಸ್ ಬಾ. ಆಯಿಲ್ಲು ಹಾಲು ಬೆರೆಸಿದ ಕಾಫಿ ಬಣ್ಣಕ್ಕಿದ್ದರೆ ನೀರು ಹೋಗಿದೆ, ಬೇರಿಂಗು ತುಕ್ಕು ಹಿಡಿದಿರುತ್ತೆ. ಬಾಲಿನ ಮೈ ಮೇಲೆ ಉಗುರು ಎಳೆದು ನೋಡು. ಗುಳಿ ಸಿಕ್ಕರೆ ಎಷ್ಟು ಹೊಸ ಸೀಲ್ ಹಾಕಿದರೂ ಗ್ರೀಸು ಸೋರುತ್ತೆ.

ಆಮೇಲೆ ಕಿಂಗ್ ಪಿನ್, ಅಂದರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಪಿನ್ನು. ಚಕ್ರದ ಹಬ್ ಅನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸು. ಲೊಡ ಲೊಡ ಅಂದರೆ ಬೇರಿಂಗು ಹೋಗಿದೆ. ಅದು ದೊಡ್ಡ ಖರ್ಚಲ್ಲ, ಆದರೆ ಹಾಗೇ ಬಿಟ್ಟರೆ 50ರ ಸ್ಪೀಡಿನಲ್ಲಿ ಸ್ಟೀರಿಂಗು ಭೂತ ಹಿಡಿದ ಹಾಗೆ ನಡುಗುತ್ತೆ. ಹೊಸ ಬೇರಿಂಗು ಹಾಕಿದ ಮೇಲೆ ಶಿಮ್ ತೆಗೆದು, ಹಾಕಿ ಬಿಗಿ ನೋಡಬೇಕು. ನಾವು ಮೀನಿನವರ ಕೊಕ್ಕೆ ತಕ್ಕಡಿ ತಂದು, ಸ್ಟೀರಿಂಗ್ ತೋಳಿಗೆ ಸಿಕ್ಕಿಸಿ ಎಳೆದು ನೋಡುತ್ತಿದ್ದೆವು. ಸೀಲ್ ಹಾಕುವ ಮೊದಲೇ ನೋಡಬೇಕು. ಸೀಲ್ ಹಾಕಿದ ಮೇಲೆ ಎಳೆದರೆ ಸೀಲಿನ ಬಿಗಿಯೂ ಸೇರಿ ಲೆಕ್ಕ ತಪ್ಪುತ್ತೆ.

ಶಿರಸಿ ಅಡಿಕೆ
ಮೀನಿನ ತಕ್ಕಡಿ! ನಮ್ಮ ಮನೆಯಲ್ಲಿ ಒಳಗೆ ತರೋಕೆ ಬಿಡಲ್ಲ ಸ್ವಾಮಿ 😂

ಹಳೇ ಸ್ಪ್ಯಾನರ್
ಅಡಿಕೆ ತೂಗುವುದು ತಗೊಳ್ಳಿ. ಆಕ್ಸಲ್‌ಗೆ ಜಾತಿ ಇಲ್ಲ.

ಮಳೆಗಾಲದ ಜೀಪು
ಹೋಗಿ ಬಂದೆ, ಆಕ್ಸಲ್ ತಂದೆ. ಮುಚ್ಚಳ ಬಿಚ್ಚಲ್ಲ ಅಂತ ಮೊದಲು ಜಗಳ ತೆಗೆದರು. ನಾನು ಗಾಡಿ ಹತ್ತಿದ ಮೇಲೆ ಕರೆದು ಬಿಚ್ಚಿದರು. 47, 11 ಎರಡೂ ಸರಿ. ಗುಂಡು ಬಲಗಡೆ, ಅಗಲ ನಮ್ಮದರಷ್ಟೇ, ಪ್ಲೇಟ್ ಕೂರುವ ಜಾಗ ಕರೆಕ್ಟು. ಬಲಗಡೆ ಕಿಂಗ್ ಪಿನ್ ಲೊಡ ಲೊಡ ಅಂತಿತ್ತು, ಅದನ್ನು ತೋರಿಸಿ 28,000ಕ್ಕೆ ಮುಗಿಸಿದೆ. ಎರಡೂ ಕಡೆ ಬೇರಿಂಗು, ಸೀಲು ಹೊಸದು. ಯೂ ಬೋಲ್ಟ್ ಹಳೇದನ್ನೇ ಹಾಕೋಕೆ ಮೇಸ್ತ್ರಿ ಹೊರಟಿದ್ದ, ಬಿಡಲಿಲ್ಲ.

ನಿನ್ನೆ ಸಂಜೆ ಕಣದವರೆಗೆ ಲೋದಲ್ಲಿ ಹತ್ತಿಸಿ, ವಾಪಸ್ ಗೇಟಿನ ಕಾಂಕ್ರೀಟಿಗೆ ತಂದು ನಿಲ್ಲಿಸಿ ಲಿವರ್ ಹಿಡಿದೆ. ಅಭ್ಯಾಸಬಲದಿಂದ ಕಾಲು ಡ್ಯಾಶ್‌ಬೋರ್ಡಿಗೆ ಹೋಗಿಬಿಟ್ಟಿತ್ತು. ಎರಡು ಬೆರಳಿಗೆ ಬಂತು.

ಗ್ರೀಸ್ ಕೈ
🙏🙏

ಎಫ್‌ಸಿ ಭಯ
ಬಿಲ್ ತಗೊಂಡಿರಾ?

ಮಳೆಗಾಲದ ಜೀಪು
ಗುಜರಿಯಲ್ಲಿ ಬಿಲ್ಲು ಕೇಳಿದ್ದಕ್ಕೆ ಟೀ ಕೊಟ್ಟರು.

ಹಳೇ ಸ್ಪ್ಯಾನರ್
ಐನೂರು ಕಿಲೋಮೀಟರ್ ಆದ ಮೇಲೆ ಯೂ ಬೋಲ್ಟ್ ಇನ್ನೊಂದು ಸಲ ಬಿಗಿ ಮಾಡು. ಬಾಲಿಗೆ ಗ್ರೀಸು ತುಂಬಿಸಿದೆಯಾ, ಇಲ್ಲಾ ಮೇಸ್ತ್ರಿ ಮೇಲೆ ಸವರಿ ಕಳಿಸಿದನಾ?

ಮಳೆಗಾಲದ ಜೀಪು
ಎದುರಿಗೆ ನಿಂತು ತುಂಬಿಸಿದ್ದೇನೆ ಯಜಮಾನರೇ. ಎಡಗಡೆ ಸೀಲು ಸ್ವಲ್ಪ ಒಸರುತ್ತಿದೆ, ಒಂದು ವಾರ ನೋಡುತ್ತೇನೆ.

ಕೊಡಗಿನ ಕಮಾಂಡರ್
ಹಳೇ ಆಕ್ಸಲ್‌ನಲ್ಲಿ ಬಲಗಡೆ ಶಾಫ್ಟು, ಹಬ್ಬು ಚೆನ್ನಾಗಿದ್ದರೆ ನನಗೆ ಕೊಡಿ. ಮಡಿಕೇರಿಯಿಂದ ಬಂದು ಒಯ್ಯುತ್ತೇನೆ.

ಜಿಪ್ಸಿ ಜೀವ
ಭಾವನ ಹತ್ತಿರ ಇರುವ ಜಿಪ್ಸಿ ಆಕ್ಸಲ್ ನನಗೆ. ಅಗಲದ್ದೋ ಕಿರಿದೋ ಅಂತ ಒಂಚೂರು ಅಳೆದು ಹೇಳುತ್ತೀರಾ?